ಮುಚ್ಚಿಟ್ಟ ಹಳೇ ಫಿಲ್ಮು

ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಫಿಲ್ಮಿನ ದೊಡ್ಡ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವವರಿಗೆ ನಾನು ಒಂದು ಮಾತು ಹೇಳಬೇಕು. ಅದನ್ನು ಮೊದಲೇ ಹೇಳಿಬಿಟ್ಟರೆ ಯಾರೂ ಕೇಳುವುದಿಲ್ಲ. ನಾನಾಗಿದ್ದರೂ ಕೇಳುತ್ತಿರಲಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನನ್ನ ಬಲಗಾಲಿನ ಪಾದ ಈಗ ಮೇಲೇಳುವುದಿಲ್ಲ. ನಡೆಯುವಾಗ ಬೆರಳು ನೆಲಕ್ಕೆ ಉಜ್ಜುತ್ತದೆ. ಹೊಸ್ತಿಲು ದಾಟಬೇಕಾದರೆ ಕಾಲನ್ನು ಸೊಂಟದಿಂದಲೇ ಎತ್ತಿ ಆಚೆ ಇಡಬೇಕು. ಇನ್ನು ಇದು ಸರಿಹೋಗುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ನಮ್ಮೂರು ಗುಬ್ಬಿ, ನಮ್ಮದು ಹುಣಸೆಹಣ್ಣಿನ ವ್ಯಾಪಾರ. ಇದು ನನಗೆ ನನ್ನ ಅಪ್ಪನಿಂದ ಬಂದದ್ದು, ಗಂಡನ ಮನೆಯಿಂದಲ್ಲ. ಸಿ.ಎಸ್. ಪುರದ ಕಡೆ ಹೊಲದ ಬದುಗಳಲ್ಲಿ ನಿಂತಿರುವ ಮರಗಳನ್ನು ಹೂವಿನಲ್ಲೇ ನೋಡಿ ಆ ವರ್ಷದ ಫಲಕ್ಕೆ ದರ ಮಾತಾಡಿಕೊಳ್ಳುತ್ತೇವೆ. ಕಾಯಿ ಬಲಿತು ಹಣ್ಣಾದ ಮೇಲೆ ಉದುರಿಸಿ ಶೆಡ್ಡಿಗೆ ತಂದು, ಸಿಪ್ಪೆ, ಬೀಜ, ನಾರು ತೆಗೆಸಿ ತುಮಕೂರಿನ ಮಂಡಿಗೆ ಹಾಕುತ್ತೇವೆ. ನನ್ನ ಯಜಮಾನರು ರುದ್ರಪ್ಪ ಮದುವೆಯಾದ ಮೇಲೆ ಈ ಕೆಲಸಕ್ಕೆ ಬಂದವರು. ಮೆತ್ತಗಿನ ಮನುಷ್ಯ. ಒಂದು ಮಾತಾಡುವ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ.

ನಮ್ಮ ಕಡೆಯ ಹಳೇ ವ್ಯಾಪಾರಸ್ಥರು ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೈಯ ಮೇಲೆ ಟವೆಲ್ ಹಾಕಿಕೊಂಡು, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ತಿಳಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಗೊತ್ತಾಗಬಾರದು. ಗೊತ್ತಾದರೆ ಅವನು ಸರಕನ್ನು ನೋಡುವುದು ಬಿಟ್ಟು ಮೊದಲಿನವನು ಹೇಳಿದ ದರವನ್ನೇ ಹಿಡಿದುಕೊಳ್ಳುತ್ತಾನೆ. ಹೆಂಗಸು ನಾನು, ಕಂಡವರ ಬೆರಳು ಹಿಡಿಯುವ ಹಾಗಿಲ್ಲ. ಅದಕ್ಕೆ ಟವೆಲ್ ಕೆಳಗಿನ ಕೈ ಯಜಮಾನರದು, ತೀರ್ಮಾನ ನನ್ನದು. ನಾನು ಎದುರಿಗೆ ನಿಂತಿರುತ್ತಿದ್ದೆ. ಅವರು ನನ್ನ ಮುಖ ನೋಡುತ್ತಿದ್ದರು. ನಾನು ಕಣ್ಣು ಬಿಟ್ಟುಕೊಂಡೇ ಇದ್ದರೆ ಒಪ್ಪಿಗೆ, ರೆಪ್ಪೆ ಮುಚ್ಚಿದರೆ ಬೇಡ ಎಂದು ಅರ್ಥ.

ಮದುವೆಯಾದ ಹೊಸದರಲ್ಲಿ ಒಮ್ಮೆ ಅವರು ನಡುವೆ ಬಾಯಿ ಹಾಕಿದ್ದರಿಂದ ಒಳ್ಳೆಯ ನಾಲ್ಕು ಮರದ ಫಲ ಬೇರೆಯವರ ಪಾಲಾಯಿತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನಾನು ಹೇಳಿದೆ, "ನಾನಿರೋ ಕಡೆ ನೀವ್ ಬಾಯಿ ಬಿಡಬ್ಯಾಡಿ. ನನ್ ಮುಖ ನೋಡಿ, ಅಷ್ಟೇ ಸಾಕು." ಆಮೇಲೆ ಅವರು ಬಾಯಿ ಬಿಡಲಿಲ್ಲ. ಮಂಡಿಯಲ್ಲಿ ನಮ್ಮ ಜೋಡಿಯನ್ನು ಕಂಡರೆ ಜನ ಹೊಗಳುತ್ತಿದ್ದರು. ನನಗೂ ಜಂಬ ಇತ್ತು.

ಬೆನ್ನುನೋವು ಶುರುವಾದದ್ದು ಹಣ್ಣು ಬರುವ ಕಾಲದಲ್ಲಿ. ಶೆಡ್ಡಿನಲ್ಲಿ ಕೂತು ಏಳುವಾಗ ಸೊಂಟದ ಮೇಲ್ಗಡೆ ಹಿಡಿದುಕೊಳ್ಳುತ್ತಿತ್ತು. ನಮ್ಮ ಶೆಡ್ಡಿನಲ್ಲಿ ಬೀಜ ಬಿಡಿಸುವ ಹನುಮಕ್ಕ ಎಣ್ಣೆ ಹಚ್ಚಿ ತಿಕ್ಕಿದಳು. ಎರಡು ದಿನ ಇಳಿದ ಹಾಗೆ ಮಾಡಿ ಮತ್ತೆ ಏರಿತು. ಸಂಜೆಯಾದರೆ ಮೈ ಬೆಚ್ಚಗಾಗಿ ಬೆವರುತ್ತಿತ್ತು. ಬಿಸಿಲಿನ ದಿನಗಳು, ಬೆವರದೆ ಇನ್ನೇನು ಎಂದುಕೊಂಡೆ. ತುಮಕೂರಿನ ಮೂಳೆ ಡಾಕ್ಟರ ಹತ್ತಿರ ಹೋದಾಗ ಆ ಬೆವರಿನ ಮಾತನ್ನು ಹೇಳಲೇ ಇಲ್ಲ.

ಅವರು ಎಂ.ಆರ್.ಐ. ಬರೆದುಕೊಟ್ಟರು. ಸ್ಕ್ಯಾನಿಂಗ್ ಸೆಂಟರಿನಲ್ಲಿ ತಾಳಿ, ಬಳೆ, ಓಲೆ ಎಲ್ಲವನ್ನೂ ಬಿಚ್ಚಿಸಿದರು. ಯಜಮಾನರು ಅದನ್ನೆಲ್ಲ ತಮ್ಮ ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಮಡಿಲಲ್ಲಿಟ್ಟುಕೊಂಡು ಕೂತರು. ಒಳಗೆ ಆ ಸದ್ದು, ಆ ಇಕ್ಕಟ್ಟು. ಅಲ್ಲಾಡಬೇಡಿ ಎಂದಿದ್ದರಿಂದ ಮೂಗಿನ ತುದಿ ಕಡಿದರೂ ಕೆರೆದುಕೊಳ್ಳಲಿಲ್ಲ. ಹೊರಗೆ ಬಂದಾಗ ನನಗಿಂತ ಅವರೇ ಹೆಚ್ಚು ಬೆವರಿದ್ದರು.

ಡಾಕ್ಟರು ರಿಪೋರ್ಟ್ ಓದಿ ಹೇಳಿದರು, "ಬೆನ್ನುಮೂಳೆ ಒಳಗಿನ ಮಜ್ಜೆಯಲ್ಲಿ ಬದಲಾವಣೆ ಇದೆ. ಟೈಪ್ ಒನ್ ಅಂತ ಬರೆದಿದಾರೆ. ಸವೆತದಿಂದ ಬಂದ ಊತ ಇರಬಹುದು. ಆದ್ರೆ ಸೋಂಕಿನ ಶುರುವೂ ಹಿಂಗೇ ಕಾಣುತ್ತೆ. ಎರಡು ತಿಂಗಳು ಬಿಟ್ಟು ಇನ್ನೊಂದ್ ಸ್ಕ್ಯಾನ್ ಮಾಡ್ಸಿ. ಇದರ ಪಕ್ಕ ಇಟ್ಟು ನೋಡೋಣ."

ನನ್ನ ಕಿವಿಗೆ ಸೋಂಕು ಎನ್ನುವ ಒಂದು ಮಾತು ಬಿಟ್ಟು ಬೇರೇನೂ ಬೀಳಲಿಲ್ಲ. ಪಕ್ಕ ಇಟ್ಟು ನೋಡೋಣ ಎಂದದ್ದು ನನಗೆ ನೆನಪಾದದ್ದು ಎಲ್ಲ ಮುಗಿದ ಮೇಲೆ. ಗುಬ್ಬಿಗೆ ಬರುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಅಪ್ಪ ಸತ್ತಾಗಲೂ ಜನರ ಮುಂದೆ ಅಳದವಳು ನಾನು. ಮನೆಗೆ ಬಂದು ಫಿಲ್ಮಿನ ಕವರನ್ನು ಬೀರುವಿನ ಮೇಲೆ ಮಲಗಿಸಿಟ್ಟೆ. ಆ ಎರಡು ತಿಂಗಳು ಬೀರುವಿನ ಮುಂದೆ ಹಾದುಹೋಗುವಾಗೆಲ್ಲ ಮೇಲೆ ನೋಡದೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ.

ನೋವು ಇಳಿಯಲಿಲ್ಲ. ಹನುಮಕ್ಕ ಹೇಳಿದಳು, "ಗಿರಿಜಕ್ಕ, ಆವಯ್ಯ ಸುಮ್ನೆ ಹೆದ್ರುಸ್ತಾನೆ ಬುಡಿ. ಕುಣಿಗಲ್‌ನಾಗೆ ಒಬ್ರು ಅವ್ರೆ, ನಮ್ ಭಾವನ ಬೆನ್ನು ಅವ್ರೇ ವಾಸಿ ಮಾಡಿದ್ದು." ಕುಣಿಗಲ್ ಎಂದದ್ದು ನನಗೆ ಹಿಡಿಸಿತು. ಅಲ್ಲಿ ಮಂಡಿಯವರು ಯಾರೂ ಸಿಗುವುದಿಲ್ಲ. ಹುಣಸೆ ಗಿರಿಜಮ್ಮ ಕಾಯಿಲೆ ಬಿದ್ದಿದ್ದಾಳೆ ಎಂದು ಸುದ್ದಿ ಹಬ್ಬಿದರೆ ಮುಂದಿನ ವರ್ಷದ ಮರಗಳನ್ನು ನನಗೆ ಯಾರು ಕೊಡುತ್ತಾರೆ?

ಹೊರಡುವ ಬೆಳಿಗ್ಗೆ ಯಜಮಾನರು ಬೀರುವಿನ ಮೇಲೆ ಕೈಯಿಟ್ಟರು. ನಾನು ಹೇಳಿದೆ, "ಅದನ್ನ ತಗಬ್ಯಾಡಿ. ಮೊದಲ್ನೇವ್ನು ಹೇಳಿದ್ದು ಎರಡ್ನೇವ್ನಿಗೆ ಗೊತ್ತಾಗ್‌ಬಾರ್ದು. ಇವ್ರು ಅವ್ರ ಕಣ್ಣಲ್ಲಿ ನೋಡಿ ಹೇಳ್ಲಿ." ಅವರು ಗಂಟಲು ಸರಿಮಾಡಿಕೊಂಡರು. ನಾನು ಸೀರೆ ಉಡಲು ಒಳಗೆ ಹೋದೆ.

ಕುಣಿಗಲ್ ಡಾಕ್ಟರು ಬೆನ್ನನ್ನು ಒತ್ತಿ ನೋಡಿ ಕೇಳಿದರು, "ಮುಂಚೆ ಎಲ್ಲಾದ್ರೂ ಸ್ಕ್ಯಾನ್ ಮಾಡ್ಸಿದೀರಾ? ಹಳೇದು ಏನಾದ್ರೂ ಇದೆಯಾ?"

ಯಜಮಾನರು ನನ್ನ ಮುಖ ನೋಡಿದರು. ನಾನು ರೆಪ್ಪೆ ಮುಚ್ಚಿದೆ.

"ಇಲ್ಲ ಸಾರ್, ಇದೇ ಮೊದ್ಲು," ಎಂದು ನಾನೇ ಹೇಳಿದೆ. ಅವರು ಬೇರೆ ಸೆಂಟರಿಗೆ ಬರೆದುಕೊಟ್ಟರು. ಅಲ್ಲಿಯೂ ಫಾರಂ ತುಂಬಿಸುವ ಹುಡುಗಿ ಅದನ್ನೇ ಕೇಳಿದಳು. ಯಜಮಾನರು ಅವತ್ತು ಎರಡನೆಯ ಸಲ ನನ್ನ ಕಡೆ ತಿರುಗಿದರು. ನಾನು ಎರಡನೆಯ ಸಲವೂ ಕಣ್ಣು ಮುಚ್ಚಿದೆ.

ಈ ರಿಪೋರ್ಟಿನಲ್ಲಿ ಟೈಪ್ ಟೂ ಎಂದು ಬಂತು. ಕುಣಿಗಲ್ ಡಾಕ್ಟರು ನಕ್ಕರು. "ಇದು ಹಳೇದಮ್ಮ. ಊತ ಹೋಗಿ ಮಜ್ಜೆ ಜಾಗದಲ್ಲಿ ಕೊಬ್ಬು ತುಂಬ್ಕೊಂಡಿದೆ ಅಂತ ಅರ್ಥ. ವಯಸ್ಸಾದ ಬೆನ್ನಿಗೆ ಇದು ಕಾಮನ್. ಬೆಲ್ಟ್ ಹಾಕ್ಕೊಂಡು ಕೆಲಸ ಮಾಡಿ." ಆ ಕ್ಷಣದಲ್ಲಿ ನನಗಾದ ಖುಷಿಯನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಒಳ್ಳೇ ವ್ಯಾಪಾರ ಗಿಟ್ಟಿಸಿದೆ ಎಂದೇ ಅನ್ನಿಸಿತ್ತು. ವಾಪಸ್ಸು ಬರುವಾಗ ಗೂಳೂರಿನಲ್ಲಿ ಇಳಿದು ದೇವಸ್ಥಾನಕ್ಕೆ ಹೋಗಿ ಕೈಮುಗಿದು, ಮೆಟ್ಟಿಲ ಮೇಲೆ ಕೂತು ಮನೆಯಿಂದ ತಂದಿದ್ದ ಚಿತ್ರಾನ್ನ ತಿಂದೆವು. ಡಬ್ಬಿ ತೆಗೆಯುವಾಗ ಯಜಮಾನರು ಚೀಲವನ್ನು ತಮ್ಮ ಕಡೆಗೇ ಎಳೆದುಕೊಂಡು ಒಳಗೆ ಕೈ ಹಾಕಿದರು. ಅದನ್ನು ನಾನು ಕಂಡೆ, ಆದರೆ ಏನೂ ಅಂದುಕೊಳ್ಳಲಿಲ್ಲ.

ಬೆಲ್ಟ್ ಬಿಗಿದುಕೊಂಡು ಇನ್ನೂ ಎರಡು ತಿಂಗಳು ಓಡಾಡಿದೆ. ನೋವು ಹೆಚ್ಚಾದಾಗೆಲ್ಲ ಟೈಪ್ ಟೂ, ಟೈಪ್ ಟೂ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಕುಪ್ಪಸ ಸಡಿಲವಾಯಿತು. ಸಣ್ಣಗಾಗಿದ್ದೀರಿ ಎಂದವರಿಗೆ ಸಕ್ಕರೆ ಬಿಟ್ಟಿದ್ದೇನೆ ಎಂದೆ.

ಒಂದು ಬೆಳಿಗ್ಗೆ ಶೆಡ್ಡಿಗೆ ಹೋಗಿ ಕೂತ ಮೇಲೆ ಹನುಮಕ್ಕ ಬಾಗಿಲಲ್ಲಿ ಬಂದು ನಿಂತಳು. ಅವಳ ಕೈಯಲ್ಲಿ ಒಂದು ಚಪ್ಪಲಿ.

"ಗಿರಿಜಕ್ಕ, ಇದು ನಿಮ್ದಲ್ವಾ? ದಾರೀಲಿ ಬಿದ್ದಿತ್ತು."

ನನ್ನ ಬಲಗಾಲು ಬರಿಗಾಲು. ಅಷ್ಟು ದೂರ ನಡೆದು ಬಂದಿದ್ದೇನೆ, ಚಪ್ಪಲಿ ಕಳಚಿ ಬಿದ್ದದ್ದು ನನಗೆ ಗೊತ್ತಾಗಿಲ್ಲ. ಪಾದದ ಮೇಲೆ ಕೈಯಿಟ್ಟು ನೋಡಿಕೊಂಡೆ. ಯಾರದೋ ಪಾದ ಮುಟ್ಟಿದ ಹಾಗಿತ್ತು. ಹನುಮಕ್ಕ ಚಪ್ಪಲಿಯನ್ನು ನನ್ನ ಕಾಲಿಗೆ ಹಾಕಿ, ಯಜಮಾನರನ್ನು ಕರೆಯಲು ಹೋದಳು.

ತುಮಕೂರಿನ ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ಸ್ಟ್ರೆಚರಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಸಿದ್ದರು. ಹಾಗೆ ಮಲಗಿದರೆ ಮಾತ್ರ ನೋವು ತಡೆಯಬಹುದಿತ್ತು. ಹಿಂದೆ ಯಾರೋ ಹಳೇ ಸ್ಕ್ಯಾನ್ ಇದೆಯಾ ಎಂದು ಕೇಳಿದರು. ನನ್ನ ಮುಖ ಯಜಮಾನರಿಗೆ ಕಾಣುತ್ತಿರಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು, ಕವರಿನ ಸರಸರ ಸದ್ದು, ಆಮೇಲೆ ಯಜಮಾನರ ದನಿ. "ಎರಡೈತೆ ಸಾರ್. ಎರಡೂ ತಂದಿವ್ನಿ. ಸಂಜೆ ಹೊತ್ತು ಜ್ವರಾನೂ ಬರ್ತಿತ್ತು, ಅವ್ಳು ಹೇಳಿಲ್ಲ." ನಮ್ಮ ಮದುವೆಯಾಗಿ ಮೂವತ್ತು ವರ್ಷ ದಾಟಿದೆ. ನನ್ನನ್ನು ಕೇಳದೆ ಅವರು ಹೊರಗಿನವರ ಜೊತೆ ಅಷ್ಟು ಮಾತಾಡಿದ್ದು ನಾನು ಕೇಳಿದ್ದು ಅವತ್ತೇ.

ಮತ್ತೆ ಸ್ಕ್ಯಾನ್ ಆಯಿತು. ಸ್ಕ್ಯಾನ್ ನೋಡುವ ಡಾಕ್ಟರು ವಯಸ್ಸಾದವರು. ರಿಪೋರ್ಟ್ ಕಳಿಸಿ ಸುಮ್ಮನಾಗದೆ ತಾವೇ ವಾರ್ಡಿಗೆ ಬಂದರು. ಮೂರು ಫಿಲ್ಮುಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಮೊದಲನೆಯದರಲ್ಲಿ ಎರಡು ಮೂಳೆಗಳ ಅಂಚಿನಲ್ಲಿ ತೆಳ್ಳಗೆ ಒಂದು ಮಬ್ಬು. ಎರಡನೆಯದರಲ್ಲಿ ಅದು ಮೂಳೆಯ ಅರ್ಧದವರೆಗೆ ಬಂದಿತ್ತು. ಮೂರನೆಯದರಲ್ಲಿ ಮೂಳೆಯ ಅಂಚೇ ಇರಲಿಲ್ಲ.

"ಒಬ್ರು ಒನ್ ಅಂದ್ರು, ಒಬ್ರು ಟೂ ಅಂದ್ರು. ಯಾರ್ ಸಾರ್ ತಪ್ಪು ಬರ್ದಿದ್ದು?" ಎಂದು ಕೇಳಿದೆ.

"ಯಾರೂ ಬೇಕು ಅಂತ ತಪ್ಪು ಬರೆದಿಲ್ಲಮ್ಮ. ಒಂದೇ ಫಿಲ್ಮನ್ನ ಇಬ್ಬರಿಗೆ ಕೊಟ್ರೆ ಎರಡು ಥರ ಬರೆಯೋದುಂಟು. ಅಷ್ಟ್ಯಾಕೆ, ನನಗೇ ಇವತ್ತು ಕೊಟ್ಟು, ತಿಂಗಳು ಬಿಟ್ಟು ಅದನ್ನೇ ಮತ್ತೆ ಕೊಟ್ರೆ ನಾನೂ ಬೇರೆ ಬರೆದೇನು. ಒಂದೂ ಎರಡೂ ಬೆರೆತ ಹಾಗೆ ಕಾಣೋ ಜಾಗಗಳಿರ್ತವೆ."

"ಹಂಗಾದ್ರೆ ಯಾಕ್ ಸಾರ್ ಬರೀತೀರಾ?" ನನ್ನ ದನಿ ಜೋರಾಯಿತು. ಪಕ್ಕದ ಮಂಚದವರು ತಿರುಗಿ ನೋಡಿದರು.

ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. "ಬರೀದೆ ಇದ್ರೆ ನೋಡೋ ಡಾಕ್ಟ್ರಿಗೆ ಏನೂ ಗೊತ್ತಾಗಲ್ಲವಲ್ಲ. ನಾವು ಇಡೋ ಹೆಸರು ಹೆಚ್ಚುಕಮ್ಮಿ ಆಗಬಹುದು. ಅದಕ್ಕೇ ಹಳೇದನ್ನ ಕೇಳೋದು. ಪಕ್ಕದಲ್ಲಿಟ್ಟು ನೋಡಿದ್ರೆ ನಿಂತಿದೆಯೋ ಬೆಳೀತಿದೆಯೋ ಅಂತ ಕಾಣುತ್ತೆ. ಎರಡನೇ ಸಲ ಇದನ್ನ ಯಾಕೆ ಕೊಡಲಿಲ್ಲ?"

ನಾನು ಟವೆಲ್ ವ್ಯಾಪಾರದ ಕಥೆಯನ್ನೆಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ತಲೆಯಾಡಿಸಿದರು. "ನೀವು ಯೋಚನೆ ಮಾಡಿದ್ದು ಪೂರ್ತಿ ತಪ್ಪಲ್ಲ. ಮೊದಲನೇ ರಿಪೋರ್ಟ್ ಓದಿದ್ರೆ ನಮ್ಮ ಕಣ್ಣೂ ಆ ಕಡೆಗೇ ಎಳೆಯುತ್ತೆ. ನೀವು ರಿಪೋರ್ಟ್ ಮುಚ್ಚಿಟ್ಟು ಫಿಲ್ಮ್ ಮಾತ್ರ ಕೊಡಬಹುದಿತ್ತು."

ಅಷ್ಟೇ. ಕಾಗದವನ್ನು ಇಟ್ಟುಕೊಂಡು ಫಿಲ್ಮನ್ನು ಕೊಡುವುದು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಮಂಡಿಯಲ್ಲಿ ಬೆಳಗಿನ ಬೆಳಕಿಗೆ ಕೆಂಪು, ಹೆಚ್ಚು ದರದ್ದು ಎಂದು ಬೇರೆ ಇಟ್ಟ ಹಣ್ಣನ್ನು ಮಧ್ಯಾಹ್ನ ನಾನೇ ಕಪ್ಪಿನ ಮೂಟೆಗೆ ಹಾಕಿಸಿದ್ದೇನೆ. ಎಷ್ಟೋ ಸಲ. ಅನುಮಾನ ಬಂದರೆ ಹೋದ ವಾರದ ಹಣ್ಣಿನ ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ದರವನ್ನು ಮುಚ್ಚಿದ್ದೇನೆಯೇ ಹೊರತು ಹಣ್ಣನ್ನು ಯಾವತ್ತೂ ಮುಚ್ಚಿಟ್ಟವಳಲ್ಲ.

ಡಾಕ್ಟರು ಮೊದಲನೆಯ ಫಿಲ್ಮನ್ನು ಕವರಿಗೆ ಹಾಕುವಾಗ, "ಇದೊಂದು ಯಾಕೆ ಹಿಂಗೆ ಮಡಿಚಿಕೊಂಡಿದೆ?" ಎಂದರು. ನಡುವೆ ಅಡ್ಡಡ್ಡ ಬಿಳಿ ಗೆರೆಗಳು ಬಿದ್ದಿದ್ದವು, ಮೂಲೆಯಲ್ಲಿ ಎಣ್ಣೆಯ ಕಲೆ. ನಾನು ಅದನ್ನು ಬೀರುವಿನ ಮೇಲೆ ಚಪ್ಪಟೆಯಾಗಿ ಮಲಗಿಸಿಟ್ಟಿದ್ದೆ. ಡಾಕ್ಟರು ಹೋದ ಮೇಲೆ ಯಜಮಾನರನ್ನು ಕೇಳಿದೆ.

ಅವರು ಕಿಟಕಿಯ ಆಚೆ ನೋಡುತ್ತಾ ಹೇಳಿದರು. "ಕುಣಿಗಲ್‌ಗೆ ತಗಂಡ್ ಬಂದಿದ್ದೆ ಕಣೇ. ಸುತ್ತಿ ಚೀಲದಾಗಿಟ್ಟಿದ್ದೆ, ಡಬ್ಬಿ ಕೆಳಗೆ. ಅವ್ರು ಕೇಳಿದಾಗ ಕೊಡಾನ ಅಂತ್ಲೇ ಇದ್ದೆ. ನೀನು ಕಣ್ ಮುಚ್ಚಿದೆ."

ಬೈದಿದ್ದರೆ ಚೆನ್ನಾಗಿತ್ತು. ನಿನ್ನ ಹಟದಿಂದ ಹಿಂಗಾಯಿತು ಎಂದು ಒಂದು ಸಲ ಅಂದುಬಿಟ್ಟಿದ್ದರೆ ನಾನೂ ಜಗಳ ಆಡಿ ಹಗುರವಾಗುತ್ತಿದ್ದೆ. ಅವರು ಎದ್ದು ಹೋಗಿ ನನಗೆ ಬಿಸಿನೀರು ತಂದರು.

ಸೂಜಿ ಹಾಕಿ ಮೂಳೆಯ ಚೂರು ತೆಗೆದು ನೋಡಿದರು. ಬೆನ್ನುಮೂಳೆಯ ಟಿ.ಬಿ. ಕೀವು ಕಟ್ಟಿಕೊಂಡು ಕಾಲಿನ ನರವನ್ನು ಒತ್ತಿತ್ತು. ಆಪರೇಷನ್ ಮಾಡಿ ಕೀವು ತೆಗೆದರು. ನೋವು ಹೋಯಿತು, ಪಾದ ವಾಪಸ್ಸು ಬರಲಿಲ್ಲ. ಇನ್ನೊಂದಿಷ್ಟು ಮೊದಲೇ ಬಂದಿದ್ದರೆ ಎಂದು ಆಪರೇಷನ್ ಮಾಡಿದವರು ಶುರುಮಾಡಿ, ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಆ ಅರ್ಧ ಮಾತನ್ನು ನಾನು ದಿನವೂ ಪೂರ್ತಿ ಮಾಡಿಕೊಳ್ಳುತ್ತೇನೆ.

ಆಸ್ಪತ್ರೆಯಿಂದ ತುಮಕೂರಿನಲ್ಲೇ ಉಪ್ಪಾರಹಳ್ಳಿಯಲ್ಲಿರುವ ನಾದಿನಿಯ ಮನೆಗೆ ಹೋದೆವು. ಮತ್ತೆ ಮತ್ತೆ ಆಸ್ಪತ್ರೆಗೆ ಬರಬೇಕಿತ್ತು. ಮೊದಲ ದಿನ ಮಾತ್ರೆ ನುಂಗಿದ ಮೇಲೆ ಮೂತ್ರ ಕೆಂಪಗೆ ಹೋಗಿದ್ದು ಕಂಡು ರಕ್ತವೆಂದು ಗೋಡೆ ಹಿಡಿದು ನಿಂತುಬಿಟ್ಟೆ. ಮಾತ್ರೆಯ ಬಣ್ಣ ಅದು ಎಂದು ನರ್ಸು ಮುಂಚೆಯೇ ಹೇಳಿದ್ದಳಂತೆ, ನನಗೆ ನೆನಪಿಲ್ಲ. ನಾದಿನಿ ಕೆಟ್ಟವಳಲ್ಲ. ಆದರೆ ನನ್ನ ತಟ್ಟೆ, ಲೋಟ ಬೇರೆಯಾದವು. ಬೆನ್ನಿನ ಟಿ.ಬಿ. ಹಾಗೆ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ ಎಂದರೆ, "ಹೌದತ್ತಿಗೆ, ನಂಗೊತ್ತು, ಆದ್ರೂ ಮೊಮ್ಮಗು ಓಡಾಡ್ತದೆ," ಎಂದಳು. ಬಾಗಿಲ ಹೊರಗಿನಿಂದಲೇ ತಟ್ಟೆಯನ್ನು ಒಳಗೆ ಸರಿಸುವಳು. ತಟ್ಟೆ ನೆಲದ ಮೇಲೆ ಸರಿಯುವ ಆ ಸದ್ದಿಗೆ ನನಗೆ ಹಸಿವೇ ಸತ್ತುಹೋಗುತ್ತಿತ್ತು.

ಒಂದು ದಿನ ಹನುಮಕ್ಕ ಗುಬ್ಬಿಯಿಂದ ನೋಡಲು ಬಂದಳು. ಬಿಸಿಲಲ್ಲಿ ಬಂದವಳು ನೇರ ಒಳಗೆ ಬಂದು, ನನ್ನ ಲೋಟದಲ್ಲಿ ಉಳಿದಿದ್ದ ಮಜ್ಜಿಗೆಯನ್ನು ಎತ್ತಿ ಗಟಗಟ ಕುಡಿದು ಬಾಯಿ ಒರೆಸಿಕೊಂಡಳು. ಅವಳಿಗೆ ಅದೊಂದು ವಿಷಯವೇ ಅಲ್ಲ. "ಮುಂದಿನ್ ಸಲದ ಮರ ಯಾವಾಗ್ ನೋಡಕ್ಕೋಗದು ಗಿರಿಜಕ್ಕ?" ಎಂದು ಕೇಳಿದಳು. ಆ ಕಾಯಿಲೆಯ ದಿನಗಳಲ್ಲಿ ನನಗೆ ಸಿಕ್ಕ ಒಳ್ಳೆಯದು ಏನು ಎಂದು ಕೇಳಿದರೆ ಆ ಮಜ್ಜಿಗೆಯ ಲೋಟವನ್ನೇ ಹೇಳುತ್ತೇನೆ. ಆದರೆ ಮರ ನೋಡಲು ನಾನು ಹೋಗಲಿಲ್ಲ. ಉಳುಮೆಯ ಹೊಲದಲ್ಲಿ ಈ ಕಾಲು ನಡೆಯುವುದಿಲ್ಲ. ಆ ವರ್ಷದ ಮರಗಳೆಲ್ಲ ಬೇರೆಯವರಿಗೆ ಹೋದವು. ಶೆಡ್ಡಿಗೆ ಬೀಗ ಹಾಕಿದೆವು. ಹನುಮಕ್ಕ ಬೇರೆ ಕಡೆ ಕೆಲಸಕ್ಕೆ ಸೇರಿದಳು.

ಜನ ಬಂದು ಧೈರ್ಯ ಹೇಳುತ್ತಾರೆ. ಪ್ರಾಣ ಉಳೀತಲ್ಲ ಬುಡಿ ಎನ್ನುತ್ತಾರೆ. ಉಳಿಯಿತು, ನಿಜ. ಉಳಿದದ್ದನ್ನು ಏನು ಮಾಡಬೇಕೆಂದು ನನಗೆ ಗೊತ್ತಾಗುತ್ತಿಲ್ಲ. ಬೆಳಿಗ್ಗೆ ಎದ್ದು ಮಾತ್ರೆ ನುಂಗಿ, ಕಾಲಿಗೆ ಪ್ಲಾಸ್ಟಿಕ್ಕಿನ ಪಟ್ಟಿ ಬಿಗಿದುಕೊಂಡು, ಜಗಲಿಯ ತನಕ ಹೋಗಿ ಬಂದರೆ ಆ ದಿನದ ಕೆಲಸ ಮುಗಿಯಿತು. ಹೆದರಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನನಗೇ ಹೆದರಿಕೆ ಹೋಗಿಲ್ಲ. ಹೇಳಬೇಕೆಂದಿದ್ದ ಮಾತು ಇಷ್ಟೇ: ಹಳೇ ಫಿಲ್ಮನ್ನು ಮುಚ್ಚಿಡಬೇಡಿ. ಕೇಳದಿದ್ದರೂ ಕೊಡಿ.

ಹೋದ ವಾರ ಮತ್ತೆ ಸ್ಕ್ಯಾನ್ ಇತ್ತು. ಮಾತ್ರೆ ನಿಲ್ಲಿಸಬಹುದೋ ಇಲ್ಲವೋ ಎಂದು ನೋಡಲು. ಈ ಸಲ ಹಳೆಯವನ್ನೆಲ್ಲ ಒಟ್ಟಿಗೆ ಕಟ್ಟಿಕೊಂಡು ಹೋಗಿದ್ದೆವು. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆದರೂ ಒಬ್ಬ ಡಾಕ್ಟರು ಉಳಿದಿರುವುದು ಬರೀ ಹಳೇ ಗಾಯದ ಗುರುತು ಎಂದರು, ಇನ್ನೊಬ್ಬರು ಒಳಗೆ ಕಾಯಿಲೆಗೆ ಇನ್ನೂ ಸ್ವಲ್ಪ ಜೀವ ಇದೆ ಎಂದರು. ಯಾರು ಸರಿಯೆಂದು ನಾನು ಕೇಳಲಿಲ್ಲ. ಇನ್ನೂ ಮೂರು ತಿಂಗಳು ಮಾತ್ರೆ, ಆಮೇಲೆ ಇನ್ನೊಂದು ಸ್ಕ್ಯಾನ್ ಎಂದು ತೀರ್ಮಾನವಾಯಿತು.

ಆ ದಿನ ಸ್ಕ್ಯಾನಿಗೆ ಒಳಗೆ ಹೋಗುವ ಮೊದಲು ಟೆಕ್ನಿಷಿಯನ್ ಯಜಮಾನರನ್ನು ಕೇಳಿದ್ದ, "ಹಳೇ ಫಿಲ್ಮ್ ಇದಾವಾ ಅಂಕಲ್?" ಫಿಲ್ಮುಗಳ ಕಟ್ಟು ಅವರ ಕಂಕುಳಲ್ಲೇ ಇತ್ತು. ಅವರು ತಿರುಗಿ ನನ್ನ ಮುಖ ನೋಡಿದರು. ನಾನು ಟ್ರಾಲಿಯ ಮೇಲೆ ಮಲಗಿದ್ದೆ. ಮೇಲಿನ ದೀಪ ನೇರವಾಗಿ ಕಣ್ಣಿಗೆ ಬೀಳುತ್ತಿತ್ತು, ಕಣ್ಣಲ್ಲಿ ನೀರು ತುಂಬಿಕೊಂಡಿತು. ಆದರೂ ರೆಪ್ಪೆ ಬಡಿಯದೆ ಹಾಗೇ ಇದ್ದೆ. ಅವರು ಕಟ್ಟು ಬಿಚ್ಚಿ ಎಲ್ಲವನ್ನೂ ಅವನ ಕೈಗೆ ಕೊಟ್ಟರು.

ಮನೆಗೆ ಬರುವಾಗ ಬಸ್ಸಿನಲ್ಲಿ ನಾನು ಹೇಳಿದೆ, "ಇನ್ಮೇಲೆ ಯಾರಾದ್ರೂ ಏನಾದ್ರೂ ಕೇಳಿದ್ರೆ ನನ್ ಮುಖ ನೋಡಬ್ಯಾಡ್ರೀ. ನಿಮಗೇನ್ ಅನ್ಸುತ್ತೋ ಅದನ್ನ ಹೇಳಿ."

ಅವರು ಎರಡು ಸಲ ಗಂಟಲು ಸರಿಮಾಡಿಕೊಂಡು, "ಆಯ್ತು," ಎಂದರು. ಹೇಳಿ, ಹೇಳಿದ್ದು ಸರಿಯಾಯಿತೋ ಇಲ್ಲವೋ ಎಂದು ನನ್ನ ಮುಖ ನೋಡಿದರು.